ಸೊಂಟದ ಕೃತಕ ಡಿಸ್ಕ್ ಕೈಕೊಟ್ಟಿದೆಯಾ? ಮತ್ತೆ ಆಪರೇಷನ್‌ಗೆ ಒಪ್ಪುವ ಮೊದಲು ಇಷ್ಟು ಮಾಡಿ

ಕೃತಕ ಡಿಸ್ಕ್ (ಬೆನ್ನುಮೂಳೆಯ ಎರಡು ಮಣಿಗಳ ನಡುವಿನ ಕೆಟ್ಟ ಮೆತ್ತೆ ತೆಗೆದು, ಹೊಟ್ಟೆಯ ಕಡೆಯಿಂದ ಆ ಜಾಗಕ್ಕೆ ಹಾಕುವ ಸಾಧನ) ಹಾಕಿಸಿಕೊಂಡ ಮೇಲೂ ನೋವು ಹೋಗಲಿಲ್ಲ, ಅಥವಾ ಹೋಗಿ ವಾಪಸ್ ಬಂತು ಅಂದರೆ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಇದನ್ನ ತೆಗೆಸಿಬಿಡೋಣ." ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಸೊಂಟದ ಡಿಸ್ಕ್ ಹಾಕುವುದಕ್ಕಿಂತ ಅದನ್ನು ತೆಗೆಯುವುದು ತುಂಬಾ ಕಷ್ಟ, ಅಪಾಯವೂ ಜಾಸ್ತಿ. ಎಷ್ಟೋ ಜನರಿಗೆ ತೆಗೆಯುವ ಅಗತ್ಯವೇ ಇರುವುದಿಲ್ಲ. ಅಮೆರಿಕದಲ್ಲಿ ಷಾರಿಟೆ ಅನ್ನುವ ಡಿಸ್ಕ್‌ನ ಅಧ್ಯಯನ ನಡೆದಾಗ ಅದನ್ನು ಹಾಕಿಸಿಕೊಂಡ 589 ಜನರಲ್ಲಿ 52 ಮಂದಿಗೆ ಮತ್ತೆ ಆಪರೇಷನ್ ಆಯಿತು. ಆ 52 ಮಂದಿಯಲ್ಲಿ ಡಿಸ್ಕ್ ಹೊರತೆಗೆಸಿಕೊಂಡವರು ಅರ್ಧಕ್ಕಿಂತ ಕಡಿಮೆ.

ಹಾಗಾಗಿ ಮೊದಲ ಕೆಲಸ ಸರ್ಜನ್ ಹುಡುಕುವುದಲ್ಲ. ಏನು ಕೆಟ್ಟಿದೆ ಅಂತ ಪತ್ತೆ ಮಾಡುವುದು. "ಡಿಸ್ಕ್ ಫೇಲ್ ಆಗಿದೆ" ಅಂತ ಯಾರಾದರೂ ಹೇಳಿದರೆ ಅಲ್ಲೇ ತಡೆದು ಕೇಳಿ: ಏನು ಫೇಲ್ ಆಗಿದೆ? ಜಾಗ ಬಿಟ್ಟು ಜರುಗಿದೆಯಾ, ಮೂಳೆಯೊಳಗೆ ಕುಸಿದಿದೆಯಾ, ಸವೆದಿದೆಯಾ, ಸೋಂಕಾ, ಅಥವಾ ಡಿಸ್ಕ್ ಚೆನ್ನಾಗೇ ಇದ್ದು ನೋವು ಬೇರೆ ಕಡೆಯಿಂದ ಬರುತ್ತಿದೆಯಾ? ಒಂದೊಂದಕ್ಕೂ ದಾರಿ ಬೇರೆ. ಈ ಪ್ರಶ್ನೆಗೆ ನೇರ ಉತ್ತರ ಸಿಗುವವರೆಗೆ ಆಪರೇಷನ್ ದಿನ ಗೊತ್ತು ಮಾಡಬೇಡಿ. ಸೋಂಕು, ನರ ಸೋತುಹೋಗುತ್ತಿರುವುದು, ರಕ್ತನಾಳದ ಮೇಲೆ ಒತ್ತು ಬಿದ್ದಿರುವುದು ಇಂಥ ತುರ್ತು ಇದ್ದರೆ ಮಾತು ಬೇರೆ. ಆಗ ಕಾಯಬಾರದು.

ಮೊದಲು ಕಾಗದ ಪತ್ರ

ಹಳೇ ಆಪರೇಷನ್‌ನ ವಿವರವಾದ ಟಿಪ್ಪಣಿ ತರಿಸಿಕೊಳ್ಳಿ. ಡಿಸ್ಚಾರ್ಜ್ ಸಮರಿ ಸಾಲದು, ಅದರಲ್ಲಿ ನಾಲ್ಕು ಸಾಲು ಇರುತ್ತದೆ ಅಷ್ಟೇ. ಆಪರೇಷನ್ ಥಿಯೇಟರ್‌ನಲ್ಲಿ ಸರ್ಜನ್ ಬರೆಸುವ ಪೂರ್ತಿ ವರದಿ ಬೇಕು. ಹೊಟ್ಟೆಯನ್ನು ಯಾವ ಕಡೆಯಿಂದ ತೆರೆದರು, ಯಾವ ರಕ್ತನಾಳ ಕಟ್ಟಿದರು, ರಕ್ತಸ್ರಾವ ಆಯಿತಾ, ರಕ್ತನಾಳ ಅಂಟದ ಹಾಗೆ ಮಧ್ಯೆ ಏನಾದರೂ ಪೊರೆ ಇಟ್ಟರಾ ಅನ್ನುವುದೆಲ್ಲ ಅದರಲ್ಲೇ ಇರುವುದು. ಎರಡನೇ ಸಲ ಒಳಗೆ ಹೋಗುವವರಿಗೆ ಇದು ಚಿನ್ನದಂಥ ಮಾಹಿತಿ.

ಜೊತೆಗೆ ಇಂಪ್ಲಾಂಟ್‌ನ ಸ್ಟಿಕರ್ ಅಥವಾ ಕಾರ್ಡ್. ಅದರಲ್ಲಿ ಕಂಪನಿ, ಮಾಡೆಲ್, ಅಳತೆ, ಲಾಟ್ ನಂಬರ್ ಇರುತ್ತದೆ. ಇದು ಯಾಕೆ ಮುಖ್ಯ ಅಂದರೆ, ಡಿಸ್ಕ್‌ಗಳೆಲ್ಲ ಒಂದೇ ಥರ ಕೆಡುವುದಿಲ್ಲ. ಷಾರಿಟೆ ಡಿಸ್ಕ್ ಬರ್ಲಿನ್‌ನ ಅದೇ ಹೆಸರಿನ ಆಸ್ಪತ್ರೆಯಲ್ಲಿ ಹುಟ್ಟಿದ್ದು. 1984ರಲ್ಲಿ ಮೊದಲ ಸಲ ರೋಗಿಗೆ ಹಾಕಿದರು, 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಈಗ ಮಾರಾಟದಲ್ಲಿಲ್ಲ. ಆದರೆ ಅದನ್ನು ಹಾಕಿಸಿಕೊಂಡವರು ಇನ್ನೂ ಇದ್ದಾರೆ. ಅದರಲ್ಲಿ ಎರಡು ಲೋಹದ ತಟ್ಟೆ, ನಡುವೆ ಯಾವುದಕ್ಕೂ ಅಂಟದೆ ಓಡಾಡುವ ಪಾಲಿಎಥಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಬಿಲ್ಲೆ. ಬಿಲ್ಲೆ ಸವೆಯಬಹುದು, ಹೊರಗೆ ಜಾರಬಹುದು, ಅದರ ಸುತ್ತ ಇರುವ ತಂತಿ ಮುರಿಯಬಹುದು. 2006ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ರೊಡಿಸ್ಕ್-ಎಲ್‌ನಲ್ಲಿ ಬಿಲ್ಲೆ ಕೆಳಗಿನ ತಟ್ಟೆಗೆ ಕಚ್ಚಿಕೊಂಡಿರುತ್ತದೆ. ತಟ್ಟೆಗಳಿಗೆ ಮೂಳೆಯೊಳಗೆ ಇಳಿಯುವ ಏಣು ಇರುತ್ತದೆ. ಈ ಏಣು ಡಿಸ್ಕನ್ನು ಗಟ್ಟಿಯಾಗಿ ಹಿಡಿದಿಡುತ್ತದೆ, ನಿಜ. ಆದರೆ ತೆಗೆಯುವಾಗ ಮೂಳೆ ಕತ್ತರಿಸಬೇಕಾಗುತ್ತದೆ. ಮಾವೆರಿಕ್‌ನಂಥವು ಲೋಹದ ಮೇಲೆ ಲೋಹ ಉಜ್ಜುವಂಥವು. ಅವುಗಳಲ್ಲಿ ಕೋಬಾಲ್ಟ್, ಕ್ರೋಮಿಯಂ ಕಣಗಳಿಗೆ ಸುತ್ತಲಿನ ಮಾಂಸ ಕೆರಳುವ ಸಾಧ್ಯತೆ ನೋಡಬೇಕು.

ಹಳೇ ಎಕ್ಸ್‌ರೇಗಳನ್ನೂ ಬಿಡಬೇಡಿ. ಮುಖ್ಯವಾಗಿ ಆಪರೇಷನ್ ಆದ ವಾರದೊಳಗೆ ತೆಗೆದದ್ದು. ಆ ಚಿತ್ರವನ್ನೂ ಇವತ್ತಿನದನ್ನೂ ಪಕ್ಕಪಕ್ಕ ಇಟ್ಟರೆ ಡಿಸ್ಕ್ ಜರುಗಿದೆಯಾ, ಕುಸಿದಿದೆಯಾ ಅಂತ ಗೊತ್ತಾಗುತ್ತದೆ. ಹಳೆಯದು ಇಲ್ಲದಿದ್ದರೆ "ಇದು ಮೊದಲಿಂದಲೂ ಹೀಗೇ ಇತ್ತೇನೋ" ಅನ್ನುವ ಅನುಮಾನ ಕೊನೆವರೆಗೂ ಉಳಿಯುತ್ತದೆ.

ನೋವು ಯಾವಾಗ ಶುರುವಾಯಿತು ಅಂತ ಬರೆದಿಡಿ

ಇದನ್ನು ಸುಮ್ನೆ ಹೇಳುತ್ತಿಲ್ಲ. ನೋವು ಬಂದ ಸಮಯ ಅರ್ಧ ಉತ್ತರ ಹೇಳಿಬಿಡುತ್ತದೆ.

ಆಪರೇಷನ್ ಮುಗಿದು ಎಚ್ಚರವಾದಾಗಲೇ ಕಾಲಿಗೆ ಹೊಸ ನೋವು ಬಂದಿದ್ದರೆ, ಡಿಸ್ಕ್ ತೀರಾ ಎತ್ತರದ್ದಾಗಿ ನರ ಎಳೆದಿರಬಹುದು, ಡಿಸ್ಕ್ ಹಿಂದಕ್ಕೆ ಜಾಸ್ತಿ ಹೋಗಿರಬಹುದು, ಅಥವಾ ಹಳೇ ಡಿಸ್ಕ್‌ನ ಚೂರೋ ಮೂಳೆಯ ಚೂರೋ ನರದ ದಾರಿಗೆ ಬಿದ್ದಿರಬಹುದು. ನರ ಎಳೆದದ್ದಷ್ಟೇ ಆದರೆ ವಾರಗಳಲ್ಲಿ ತಾನಾಗಿ ಇಳಿಯುವುದುಂಟು. ಚೆನ್ನಾಗಿ ಓಡಾಡಿಕೊಂಡಿದ್ದು ಮೊದಲ ಕೆಲವು ವಾರಗಳಲ್ಲೇ ಒಮ್ಮೆಲೇ ಜೋರು ನೋವು ಬಂದರೆ ಡಿಸ್ಕ್ ಜರುಗಿರುವುದು, ಬಿಲ್ಲೆ ಕಳಚಿರುವುದು, ಮೂಳೆ ಸೀಳಿರುವುದು ಇವನ್ನು ತಕ್ಷಣ ನೋಡಬೇಕು. ಅವತ್ತೇ ಎಕ್ಸ್‌ರೇ ಆಗಬೇಕು.

ಒಂದೆರಡು ವರ್ಷ ಆರಾಮಾಗಿದ್ದು ಆಮೇಲೆ ನಿಧಾನಕ್ಕೆ ಬಂದ ನೋವು, ಅದೂ ಜಾಸ್ತಿ ಹೊತ್ತು ನಿಂತಾಗ, ಹಿಂದಕ್ಕೆ ಬಾಗಿದಾಗ ಹೆಚ್ಚಾಗಿ, ಕೂತಾಗ ಕಡಿಮೆಯಾದರೆ ಫೆಸೆಟ್ ಕೀಲುಗಳ ಮೇಲೆ ಅನುಮಾನ. ಪ್ರತಿ ಡಿಸ್ಕ್‌ನ ಹಿಂದೆ ಎಡಕ್ಕೊಂದು ಬಲಕ್ಕೊಂದು ಸಣ್ಣ ಕೀಲು ಇರುತ್ತದೆ, ಅವೇ ಇವು. ಕೃತಕ ಡಿಸ್ಕ್ ಮುಂದಿನ ಭಾಗವನ್ನು ಮಾತ್ರ ಬದಲಾಯಿಸುತ್ತದೆ, ಹಿಂದಿನ ಈ ಕೀಲುಗಳು ಹಾಗೇ ದುಡಿಯುತ್ತಿರುತ್ತವೆ, ಡಿಸ್ಕ್ ಸರಿಯಾದ ಜಾಗದಲ್ಲಿ ಕೂತಿಲ್ಲದಿದ್ದರೆ ಎಲ್ಲ ಭಾರ ಅವುಗಳ ಮೇಲೇ ಬಿದ್ದು ಬೇಗ ಸವೆಯುತ್ತವೆ. ತುಂಬಾ ವರ್ಷ ಆದ ಮೇಲಿನ ನೋವಿಗೆ ಪಾಲಿಎಥಿಲೀನ್ ಸವೆದು ಅದರ ಪುಡಿಯಿಂದ ಸುತ್ತಲಿನ ಮೂಳೆ ಕರಗುವುದು, ಮೇಲಿನ ಅಥವಾ ಕೆಳಗಿನ ಡಿಸ್ಕ್ ಕೆಡುವುದು ಕಾರಣ ಆಗಬಹುದು.

ಇನ್ನೊಂದು ಗುಂಪು ಇದೆ. ಒಂದು ದಿನವೂ ನೋವು ಇಳಿಯದವರು. ಇವರಲ್ಲಿ ಸೋಂಕು ಇಲ್ಲ ಅಂತ ಖಚಿತ ಮಾಡಿಕೊಂಡ ಮೇಲೆ ಒಂದು ಕಹಿ ಪ್ರಶ್ನೆ ಕೇಳಲೇಬೇಕು: ಮೊದಲಿಗೆ ನೋವು ಬರುತ್ತಿದ್ದದ್ದು ಆ ಡಿಸ್ಕ್‌ನಿಂದಲೇನಾ? ಸೊಂಟದ ಕೆಳಗಿನ ಸ್ಯಾಕ್ರೊಇಲಿಯಾಕ್ ಕೀಲು, ತೊಡೆಯ ಕೀಲು ಕೂಡ ಹಾಗೇ ನೋಯುತ್ತವೆ. ಅಂಥವರಿಗೆ ಡಿಸ್ಕ್ ತೆಗೆದರೆ ನೋವು ಹೋಗುವುದಿಲ್ಲ. ಆಪರೇಷನ್ ಗಾಯ ಮಾತ್ರ ಸೇರಿಕೊಳ್ಳುತ್ತದೆ.

ಯಾವ ಪರೀಕ್ಷೆ, ಯಾಕೆ

ನಿಂತು ತೆಗೆದ ಎಕ್ಸ್‌ರೇ ಬೇಕು, ಮಲಗಿ ತೆಗೆದದ್ದಲ್ಲ. ನೇರ, ಪಕ್ಕದಿಂದ, ಮುಂದೆ ಬಾಗಿ, ಹಿಂದೆ ಬಾಗಿ. ಡಿಸ್ಕ್ ಇನ್ನೂ ಅಲುಗಾಡುತ್ತಿದೆಯಾ ಅಂತ ಬಾಗಿದ ಚಿತ್ರಗಳಲ್ಲಿ ಕಾಣುತ್ತದೆ. ಕೆಲವರಲ್ಲಿ ಡಿಸ್ಕ್ ಸುತ್ತ ಮೂಳೆ ಬೆಳೆದು ಎರಡು ಮಣಿಗಳು ತಾನಾಗಿ ಕೂಡಿಕೊಂಡಿರುತ್ತವೆ. ನೋವು ಇಲ್ಲದಿದ್ದರೆ ಅದಕ್ಕೆ ಏನೂ ಮಾಡಬೇಕಾಗಿಲ್ಲ.

ಸಿಟಿ ಸ್ಕ್ಯಾನ್ ಇಲ್ಲಿ ಎಂಆರ್‌ಐಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಮೂಳೆಯಲ್ಲಿ ಗುಳಿ ಬಿದ್ದಿದೆಯಾ, ತಟ್ಟೆ ಕುಸಿದಿದೆಯಾ, ನಡುಗೆರೆಯಿಂದ ಪಕ್ಕಕ್ಕೆ ಹೋಗಿದೆಯಾ, ಫೆಸೆಟ್ ಕೀಲು ಎಷ್ಟು ಸವೆದಿದೆ ಅಂತ ಅದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಕೋಬಾಲ್ಟ್-ಕ್ರೋಮ್ ಲೋಹ ಇದ್ದರೆ ಎಂಆರ್‌ಐ ಚಿತ್ರ ಆ ಜಾಗದಲ್ಲೇ ಕಪ್ಪಾಗಿ ಕೆಟ್ಟು ಹೋಗುತ್ತದೆ. ಲೋಹದ ನೆರಳು ಕಡಿಮೆ ಮಾಡುವ ವಿಧಾನದಲ್ಲಿ ಸ್ಕ್ಯಾನ್ ಮಾಡಿ ಅಂತ ಮೊದಲೇ ಕೇಳಬೇಕು. ನರದ ಮೇಲೆ ಒತ್ತು ಇದೆಯಾ ಅಂತ ತಿಳಿಯಲೇಬೇಕಾದರೆ ಬೆನ್ನಿನ ನೀರಿಗೆ ಬಣ್ಣ ಕೊಟ್ಟು ಸಿಟಿ ತೆಗೆಯುವ ಮೈಲೋಗ್ರಾಮ್ ಇದೆ.

ರಕ್ತಪರೀಕ್ಷೆಯಲ್ಲಿ ಸೋಂಕು, ಉರಿಯೂತದ ಸುಳಿವು ಕೊಡುವ ಇಎಸ್‌ಆರ್, ಸಿಆರ್‌ಪಿ ತಪ್ಪದೆ ಮಾಡಿಸಿ. ಲೋಹದ ಮೇಲೆ ಲೋಹ ಇರುವ ಡಿಸ್ಕ್ ಆದರೆ ಕೋಬಾಲ್ಟ್, ಕ್ರೋಮಿಯಂ ಮಟ್ಟವನ್ನೂ ನೋಡಬೇಕು. ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಮಾಡಿಸುವಾಗ ತೊಡೆಯ ಕೀಲಿನ ಅಳತೆ ತೆಗೆಸಿ, ಯಾಕಂದರೆ ಬೆನ್ನಿನಲ್ಲಿ ಲೋಹ ಇದ್ದರೆ ಆ ಅಳತೆ ಸುಳ್ಳಾಗಿ ಜಾಸ್ತಿ ತೋರಿಸುತ್ತದೆ.

ಫೆಸೆಟ್ ಕೀಲಿನ ಹತ್ತಿರ ಮರಗಟ್ಟಿಸುವ ಔಷಧಿ ಚುಚ್ಚಿ ನೋಡುವುದು ನನ್ನ ಪ್ರಕಾರ ತುಂಬಾ ಬೆಲೆಯುಳ್ಳ ಪರೀಕ್ಷೆ. ಚುಚ್ಚಿದ ಕೆಲವು ಗಂಟೆ ನೋವು ಚೆನ್ನಾಗಿ ಇಳಿದರೆ ನೋವಿನ ಮೂಲ ಹಿಂದುಗಡೆ ಇದೆ ಅಂತ ಬಲವಾದ ಸುಳಿವು. ಆ ಗಂಟೆಗಳಲ್ಲಿ ಮಲಗಿರಬೇಡಿ. ಮಾಮೂಲಿಯಾಗಿ ನೋವು ಕೊಡುವ ಕೆಲಸಗಳನ್ನೇ ಮಾಡಿ ನೋಡಿ, ಗಂಟೆಗೊಮ್ಮೆ ಬರೆದಿಡಿ. ಒಂದೇ ಸಲದ ಫಲಿತಾಂಶ ನಂಬದೆ ಇನ್ನೊಂದು ದಿನ ಮತ್ತೆ ಮಾಡಿದರೆ ಒಳ್ಳೆಯದು.

ಇರುವ ದಾರಿಗಳು

ಚಿಕ್ಕದರಿಂದ ಶುರು ಮಾಡೋಣ. ನರ ಹೊರಬರುವ ಕಿಂಡಿ ಕಿರಿದಾಗಿ ಕಾಲುನೋವು ಬರುತ್ತಿದ್ದರೆ, ಬೆನ್ನಿನ ಕಡೆಯಿಂದ ಆ ಕಿಂಡಿ ಮಾತ್ರ ಅಗಲ ಮಾಡಬಹುದು. ಡಿಸ್ಕ್ ಮುಟ್ಟುವುದೇ ಇಲ್ಲ.

ಎರಡನೆಯದು, ಡಿಸ್ಕನ್ನು ಅಲ್ಲೇ ಬಿಟ್ಟು ಹಿಂದಿನಿಂದ ಸ್ಕ್ರೂ, ರಾಡ್ ಹಾಕಿ, ಮೂಳೆ ಇಟ್ಟು ಫ್ಯೂಷನ್ ಮಾಡುವುದು, ಅಂದರೆ ಎರಡು ಮಣಿಗಳನ್ನು ಒಂದಾಗಿ ಕೂಡಿಸುವುದು. ಎರಡು ಮಣಿಗಳ ಮಧ್ಯೆ ಅಲುಗಾಟ ನಿಂತರೆ ಫೆಸೆಟ್ ನೋವು ಕಡಿಮೆಯಾಗುತ್ತದೆ, ಡಿಸ್ಕ್‌ನ ಉಜ್ಜಾಟವೂ ನಿಲ್ಲುತ್ತದೆ. "ಕೆಟ್ಟ ಡಿಸ್ಕ್ ಒಳಗೇ ಇರಬೇಕಾ?" ಅಂತ ಮನಸ್ಸಿಗೆ ಕಿರಿಕಿರಿ ಆಗುವುದು ಸಹಜ. ಆದರೆ ಡಿಸ್ಕ್ ಗಟ್ಟಿಯಾಗಿ ಕೂತಿದ್ದು, ಸೋಂಕಿಲ್ಲದೆ, ರಕ್ತನಾಳದ ಕಡೆ ಚಾಚಿಕೊಳ್ಳದೆ ಇದ್ದರೆ ಇದೇ ಸುರಕ್ಷಿತ ದಾರಿ. ಹೊಟ್ಟೆ ಮತ್ತೆ ತೆರೆಯುವುದು ತಪ್ಪುತ್ತದೆ, ಅದೇ ದೊಡ್ಡ ಲಾಭ.

ಮೂರನೆಯದು ಪೂರ್ತಿ ತೆಗೆಯುವುದು. ಡಿಸ್ಕ್ ಮುಂದಕ್ಕೆ ಜಾರಿ ರಕ್ತನಾಳ ಒತ್ತುತ್ತಿದ್ದರೆ, ಹಿಂದಕ್ಕೆ ಹೋಗಿ ನರ ಒತ್ತುತ್ತಿದ್ದರೆ, ಬಿಲ್ಲೆ ಕಳಚಿದ್ದರೆ, ಸೋಂಕು ತಗುಲಿದ್ದರೆ, ಲೋಹಕ್ಕೆ ಮೈ ಕೆರಳಿ ಗಡ್ಡೆಯಂತೆ ಬೆಳೆದಿದ್ದರೆ, ಮೂಳೆ ಕರಗುತ್ತಾ ಹೋಗುತ್ತಿದ್ದರೆ ಇದು ಬೇಕಾಗುತ್ತದೆ. ತೆಗೆದ ಜಾಗ ಖಾಲಿ ಬಿಡುವ ಹಾಗಿಲ್ಲ. ದೊಡ್ಡ ಕೇಜ್ (ಮಣಿಗಳ ನಡುವಿನ ಜಾಗ ಹಿಡಿದಿಡುವ ಪಂಜರದಂಥ ಸಾಧನ) ಅಥವಾ ಮೂಳೆಯ ತುಂಡು ಇಟ್ಟು, ಸಾಮಾನ್ಯವಾಗಿ ಹಿಂದಿನಿಂದ ಸ್ಕ್ರೂ ಕೂಡ ಹಾಕುತ್ತಾರೆ.

ಹಳೆಯದು ತೆಗೆದು ಹೊಸ ಡಿಸ್ಕ್ ಹಾಕಬಹುದಲ್ವಾ ಅಂತ ಬಹಳ ಜನ ಕೇಳುತ್ತಾರೆ. ಮೊದಲ ದಿನಗಳಲ್ಲೇ ಅಳತೆಯೋ ಜಾಗವೋ ತಪ್ಪಿದೆ ಅಂತ ಗೊತ್ತಾಗಿ, ಮೂಳೆ ಚೆನ್ನಾಗಿದ್ದರೆ ಆಗಬಹುದು. ವರ್ಷಗಳಾದ ಮೇಲೆ ಹೊಸ ಡಿಸ್ಕ್ ಹಾಕುತ್ತೇವೆ ಅಂತ ಸುಲಭವಾಗಿ ಮಾತು ಕೊಡುವವರ ಹತ್ತಿರ ನಾನಾದರೆ ಒಪ್ಪುವುದಿಲ್ಲ, ಇನ್ನೊಬ್ಬರ ಅಭಿಪ್ರಾಯ ಕೇಳುತ್ತೇನೆ.

ಹೊಟ್ಟೆಯ ಕಡೆಯಿಂದ ಮತ್ತೆ ಹೋಗುವುದು: ಇಲ್ಲಿ ಜಾಸ್ತಿ ಹೊತ್ತು ಮಾತಾಡಿ

ಅಪಾಯ ಇರುವುದು ಬೆನ್ನುಮೂಳೆಯಲ್ಲಿ ಅಲ್ಲ, ಅದರ ಮುಂದೆ ಹಾದುಹೋಗುವ ದೊಡ್ಡ ರಕ್ತನಾಳಗಳಲ್ಲಿ. ಮಹಾಪಧಮನಿ ಸುಮಾರು ಸೊಂಟದ ನಾಲ್ಕನೇ ಮಣಿಯ (ಎಲ್4) ಹತ್ತಿರ ಎರಡಾಗಿ ಕವಲೊಡೆದು ಕಾಲುಗಳ ಕಡೆ ಇಳಿಯುತ್ತದೆ, ಅಭಿಧಮನಿಗಳೂ ಅಲ್ಲೇ ಸ್ವಲ್ಪ ಕೆಳಗೆ ಸೇರುತ್ತವೆ. ಎಲ್5-ಎಸ್1 ಡಿಸ್ಕ್, ಅಂದರೆ ಸೊಂಟದ ಐದನೇ ಮಣಿಗೂ ಅದರ ಕೆಳಗಿನ ತ್ರಿಕಾಸ್ಥಿಗೂ ನಡುವಿನದು, ಸಾಮಾನ್ಯವಾಗಿ ಆ ಕವಲಿನ ಕೆಳಗೆ ಸಿಗುತ್ತದೆ, ಹಾಗಾಗಿ ದಾರಿ ಸ್ವಲ್ಪ ಸಲೀಸು. ಅದರ ಮೇಲಿನ ಎಲ್4-ಎಲ್5 (ನಾಲ್ಕನೇ, ಐದನೇ ಮಣಿಗಳ ನಡುವಿನದು) ಹಾಗಲ್ಲ. ರಕ್ತನಾಳಗಳನ್ನು ಬಿಡಿಸಿ ಪಕ್ಕಕ್ಕೆ ಸರಿಸದೆ ಅದು ಕಾಣುವುದೇ ಇಲ್ಲ. ಮೊದಲ ಆಪರೇಷನ್ ಆದ ಮೇಲೆ ಈ ರಕ್ತನಾಳಗಳು ಗಾಯ ಒಣಗಿದ ಅಂಗಾಂಶದ ಜೊತೆ ಡಿಸ್ಕ್‌ಗೇ ಅಂಟಿಕೊಂಡಿರುತ್ತವೆ. ಅಭಿಧಮನಿಯ ಗೋಡೆ ತೆಳು. ಬಿಡಿಸುವಾಗ ಹರಿದರೆ ರಕ್ತ ತುಂಬಾ ಹೋಗುತ್ತದೆ, ಜೀವಕ್ಕೇ ಕುತ್ತು ಬರಬಹುದು.

ಈ ಅಂಟು ಗಟ್ಟಿಯಾಗಲು ಸಮಯ ಬೇಕು. ಹಾಗಾಗಿ ಮೊದಲ ಸುಮಾರು ಎರಡು ವಾರದೊಳಗೆ ತೊಂದರೆ ಗೊತ್ತಾದರೆ ಅದೇ ದಾರಿಯಲ್ಲಿ ವಾಪಸ್ ಹೋಗುವುದು ಅಷ್ಟು ಕಷ್ಟವಲ್ಲ. ಡಿಸ್ಕ್ ಈಗಷ್ಟೇ ಹಾಕಿಸಿಕೊಂಡವರು ಹೊಸ ನೋವನ್ನು "ಸ್ವಲ್ಪ ದಿನ ನೋಡೋಣ" ಅಂತ ತಳ್ಳಬಾರದು ಅನ್ನುವುದು ಇದಕ್ಕೇ.

ಸರ್ಜನ್ ಹತ್ತಿರ ಇವನ್ನು ಕೇಳಿ. ರಕ್ತನಾಳದ ಸರ್ಜನ್ ಜೊತೆಗೆ ಇರುತ್ತಾರಾ? ಬೇಕಾದರೆ ಕರೆಸುವುದಲ್ಲ, ಶುರುವಿನಿಂದಲೇ ಟೇಬಲ್ ಹತ್ತಿರ ಇರುತ್ತಾರಾ? ಇದೇ ಥರ ಡಿಸ್ಕ್ ತೆಗೆದ ಅನುಭವ ಇಬ್ಬರಿಗೂ ಎಷ್ಟಿದೆ? ಈ ಸಲ ಯಾವ ಕಡೆಯಿಂದ ಹೋಗುತ್ತೀರಿ? ಮೊದಲು ಎಡದಿಂದ ಹೋಗಿದ್ದರೆ ಎಲ್5-ಎಸ್1ಗೆ ಬಲದಿಂದ ಹೋಗಬಹುದು, ಅಥವಾ ಹೊಟ್ಟೆಯ ಪೊರೆಯ ಒಳಗಿನಿಂದ ನೇರವಾಗಿ ಹೋಗಬಹುದು. ಎಲ್4-ಎಲ್5 ಅಥವಾ ಮೇಲಿನದಾದರೆ ಪಕ್ಕೆಯಿಂದ ಸೋಯಸ್ ಅನ್ನುವ, ಬೆನ್ನುಮೂಳೆಯ ಪಕ್ಕದ ಸ್ನಾಯುವಿನ ಮೂಲಕ ಹೋಗುವ ದಾರಿಯೂ ಇದೆ, ಅದರಲ್ಲಿ ತೊಡೆ ಜೋಮು ಹಿಡಿಯುವುದು, ಕಾಲೆತ್ತಲು ಶಕ್ತಿ ಸಾಲದಿರುವುದು ಸ್ವಲ್ಪ ಕಾಲ ಇರಬಹುದು.

ಮುಂಚೆಯೇ ರಕ್ತನಾಳಗಳ ಸಿಟಿ ಆಂಜಿಯೋ ಮಾಡಿಸುತ್ತೀರಾ? ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳಕ್ಕೆ ಸ್ಟೆಂಟ್ (ಸಣ್ಣ ಕೊಳವೆ) ಹಾಕುತ್ತೀರಾ? ಮೊದಲು ಎಡದಿಂದ ಹೋಗಿದ್ದರೆ ಎಡ ಮೂತ್ರನಾಳ ಕೂಡ ಈ ಅಂಟಿನಲ್ಲಿ ಸಿಕ್ಕಿಕೊಂಡಿರಬಹುದು, ಸ್ಟೆಂಟ್ ಇದ್ದರೆ ಕೈಗೆ ಸಿಗುತ್ತದೆ, ತಪ್ಪಿ ಕತ್ತರಿಸುವುದು ತಪ್ಪುತ್ತದೆ. ರಕ್ತ ಸಿದ್ಧವಿರುತ್ತದಾ, ಹೋದ ರಕ್ತವನ್ನು ಶುದ್ಧ ಮಾಡಿ ವಾಪಸ್ ಕೊಡುವ ಸೆಲ್ ಸೇವರ್ ಇದೆಯಾ?

ಇನ್ನೂ ಒಂದು ಪ್ರಶ್ನೆ, ಬಹಳ ಜನ ಕೇಳದೇ ಬಿಡುವುದು: "ಒಳಗೆ ಹೋದ ಮೇಲೆ ರಕ್ತನಾಳ ಬಿಡಿಸಲು ಆಗದಿದ್ದರೆ ಏನು ಮಾಡುತ್ತೀರಿ?" ಒಳ್ಳೆ ಸರ್ಜನ್ ಹತ್ತಿರ ಇದಕ್ಕೆ ಉತ್ತರ ಇರುತ್ತದೆ. ನಿಲ್ಲಿಸಿ, ಡಿಸ್ಕ್ ಅಲ್ಲೇ ಬಿಟ್ಟು, ಹಿಂದಿನಿಂದ ಫ್ಯೂಷನ್ ಮಾಡುತ್ತೇವೆ ಅಂತ ಹೇಳಿದರೆ ಅದು ಹೆದರಿಕೆಯಲ್ಲ, ವಿವೇಕ. ಹೇಗಾದರೂ ತೆಗೆದೇ ತೆಗೆಯುತ್ತೇವೆ ಅನ್ನುವವರಿಗಿಂತ ಇವರನ್ನು ನಂಬಬಹುದು.

ಗಂಡಸರು ಇನ್ನೊಂದು ತಿಳಿದಿರಬೇಕು. ಎಲ್5-ಎಸ್1 ಮುಂದೆ ಹಾದುಹೋಗುವ ಸಣ್ಣ ನರಗಳ ಬಲೆಗೆ ಪೆಟ್ಟಾದರೆ ವೀರ್ಯ ಹೊರಬರದೆ ಮೂತ್ರಕೋಶದ ಕಡೆ ಹೋಗುತ್ತದೆ. ನಿಮಿರುವಿಕೆಗೆ ಸಾಮಾನ್ಯವಾಗಿ ತೊಂದರೆ ಇಲ್ಲ, ಆದರೆ ಮಕ್ಕಳಾಗುವುದಕ್ಕೆ ಅಡ್ಡಿಯಾಗುತ್ತದೆ. ಮುಂದೆ ಮಕ್ಕಳು ಬೇಕು ಅನ್ನುವವರು ಮೊದಲೇ ವೀರ್ಯ ಸಂಗ್ರಹಿಸಿಡುವುದು ಒಳ್ಳೆಯದು. ಈ ಮಾತು ಕೇಳಲು ನಾಚಿಕೆ ಬೇಡ. ಒಂದು ಪಾದ ಬೆಚ್ಚಗೆ, ಇನ್ನೊಂದು ತಣ್ಣಗೆ ಅನಿಸುವುದೂ ಉಂಟು, ಅದು ಬೇರೆ ನರದ ವಿಷಯ, ಎಷ್ಟೋ ಸಲ ನಿಧಾನಕ್ಕೆ ಸರಿಹೋಗುತ್ತದೆ.

ನಿಮ್ಮ ಕೈಯಲ್ಲಿರುವ ತಯಾರಿ

ತಂಬಾಕು ಬಿಡಿ. ಸಿಗರೇಟು ಮಾತ್ರ ಅಲ್ಲ, ಜಗಿಯುವುದೂ ಸೇರಿ. ನಿಕೋಟಿನ್ ಮೂಳೆ ಕೂಡಿಕೊಳ್ಳುವುದನ್ನೇ ತಡೆಯುತ್ತದೆ, ಹಾಗಾಗಿ ನಿಕೋಟಿನ್ ಗಮ್, ಪ್ಯಾಚ್ ಬಗ್ಗೆಯೂ ಸರ್ಜನ್‌ರನ್ನು ಕೇಳಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ, ವಿಟಮಿನ್ ಡಿ ಕಡಿಮೆ ಇದ್ದರೆ ಸರಿಮಾಡಿಕೊಳ್ಳಿ. ಮೂಳೆ ಟೊಳ್ಳಾಗಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ತಗೊಂಡು ಆಮೇಲೆ ಆಪರೇಷನ್ ಮಾಡಿಸುವುದು ಎಷ್ಟೋ ಮೇಲು, ಇಲ್ಲದಿದ್ದರೆ ಹೊಸ ಕೇಜ್ ಕೂಡ ಕುಸಿಯುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಗೋತಿದ್ದರೆ ಹೇಳಿ, ತಾವಾಗಿ ನಿಲ್ಲಿಸಬೇಡಿ. ತುಂಬಾ ದಿನದಿಂದ ಬಲವಾದ ನೋವಿನ ಮಾತ್ರೆ ತಗೋತಿದ್ದರೆ ಎಷ್ಟು ಅಂತ ನಿಜ ಹೇಳಿ. ಮುಚ್ಚಿಟ್ಟರೆ ಆಪರೇಷನ್ ಆದ ರಾತ್ರಿ ನೋವು ಹತೋಟಿಗೆ ಬರದೆ ಒದ್ದಾಡುವವರು ನೀವೇ.

ಆದ ಮೇಲೆ

ಹೊಟ್ಟೆ ತೆರೆದಿದ್ದರೆ ಕರುಳು ಕೆಲವು ದಿನ ಮಂಕಾಗಿರುತ್ತದೆ, ಊಟ ನಿಧಾನಕ್ಕೆ ಶುರು. ಬೇಗ ಎದ್ದು ನಡೆಸುತ್ತಾರೆ, ನೋವಾದರೂ ನಡೆಯಿರಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದು ಬೇಕು. ಬಗ್ಗುವುದು, ಭಾರ ಎತ್ತುವುದು, ಸೊಂಟ ತಿರುಚುವುದು ಹೇಳುವವರೆಗೆ ಬೇಡ. ಮೂಳೆ ಪೂರ್ತಿ ಕೂಡಿಕೊಳ್ಳಲು 6 ತಿಂಗಳಿಂದ ಒಂದು ವರ್ಷ ಹಿಡಿಯಬಹುದು.

ಮೂತ್ರ ಅಥವಾ ಮಲದ ಹತೋಟಿ ತಪ್ಪಿದರೆ, ತೊಡೆಸಂದಿನ ಸುತ್ತ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ, ಜ್ವರ ಬಂದು ಗಾಯ ಸೋರಿದರೆ, ಒಂದು ಕಾಲು ಊದಿದರೆ, ಕಾಲು ತಣ್ಣಗಾಗಿ ಬಿಳಿಚಿಕೊಂಡರೆ, ಉಸಿರು ಕಟ್ಟಿದರೆ ಬೆಳಗಾಗುವವರೆಗೆ ಕಾಯಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಎಷ್ಟು ಗುಣ ಸಿಗಬಹುದು ಅಂತ ಮೊದಲೇ ಬಿಚ್ಚಿ ಮಾತಾಡಿ. ಒತ್ತಿಹೋದ ನರ ಬಿಡಿಸಿದರೆ ಕಾಲುನೋವು ಇಳಿಯುವ ಸಾಧ್ಯತೆ ಚೆನ್ನಾಗಿದೆ. ಬೆನ್ನುನೋವಿನ ವಿಷಯದಲ್ಲಿ ಹಾಗೆ ಹೇಳಲಾಗದು, ಕಡಿಮೆಯಾಗುವುದು ಸಾಮಾನ್ಯ, ಪೂರ್ತಿ ಮಾಯವಾಗುವುದು ಅಪರೂಪ. "ಅರ್ಧ ಗಂಟೆ ಕೂರಲು ಆಗಬೇಕು", "ರಾತ್ರಿ ನಿದ್ದೆ ಬರಬೇಕು" ಅಂತ ನಿಮಗೆ ಬೇಕಾದ್ದನ್ನು ಸ್ಪಷ್ಟವಾಗಿ ಹೇಳಿ, ಇದು ಆಗುತ್ತದಾ ಅಂತ ಕೇಳಿ.

ಡಿಸ್ಕ್ ತೆಗೆಯುವುದಾದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗಲೇ ಎರಡು ವಿಷಯ ಬರೆಸಿ. ಸುತ್ತಲಿನ ಅಂಗಾಂಶವನ್ನು ಸೋಂಕಿನ ಕಲ್ಚರ್‌ಗೂ ಪೆಥಾಲಜಿಗೂ ಕಳಿಸಬೇಕು, ಅದೂ ಒಂದೇ ಚೂರಲ್ಲ, ಬೇರೆ ಬೇರೆ ಜಾಗದ್ದು. ತೆಗೆದ ಡಿಸ್ಕನ್ನು ಎಸೆಯದೆ ಹೆಸರು, ದಿನಾಂಕ ಬರೆದು ಇಡಬೇಕು. ಅದು ಯಾಕೆ ಕೆಟ್ಟಿತು ಅಂತ ಪರೀಕ್ಷಿಸಲು, ಕೆಟ್ಟದ್ದನ್ನು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆಗೆ ತಿಳಿಸಲು ಬೇಕಾಗುವುದು ಅದೇ. ಮೊದಲೇ ಹೇಳದಿದ್ದರೆ ಆಸ್ಪತ್ರೆಯ ಕಸದ ಜೊತೆ ಹೋಗಿಬಿಡಬಹುದು.